ನಡುಮನೆಯ ತುಂಬಾ ಪಿಂಗಾಣಿ

ನಮ್ಮ ಯಜಮಾನರಿಗೆ ಕಾಫಿ ಬಿಟ್ಟರೆ ಬೇರೆ ಚಟವಿಲ್ಲ ಎಂದು ಹೇಳಿ ನನ್ನನ್ನು ದೊಡ್ಡಬಳ್ಳಾಪುರಕ್ಕೆ ಮದುವೆ ಮಾಡಿಕೊಟ್ಟಿದ್ದರು. ಪಿಂಗಾಣಿಯ ವಿಷಯ ಯಾರೂ ಬಾಯಿ ಬಿಟ್ಟಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಇವರು ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ, ಸಂಜೆ ಟವೆಲ್ಲು ಸುತ್ತಿದ ಏನನ್ನೋ ಅವುಚಿಕೊಂಡು ಬರುತ್ತಿದ್ದರು. ದಂಡು ಪ್ರದೇಶದ ಕಡೆಯ ಹರಾಜಿನಲ್ಲಿ ಸಿಕ್ಕ ಉದ್ದ ಕತ್ತಿನ ಹೂದಾನಿ, ಹಿಡಿ ಮುರಿದ ಜಗ್ಗು, ಮೀನಿನ ಆಕಾರದ ತಟ್ಟೆ. ನಾನು ತರಲು ಹೇಳಿದ್ದ ಸ್ಟವ್ ಬತ್ತಿ ಮಾತ್ರ ಮರೆತಿರುತ್ತಿತ್ತು. ಉಪ್ಪಿನಕಾಯಿ ಜಾಡಿ ಬಿಟ್ಟು ಬೇರೆ ಪಿಂಗಾಣಿ ಅಡುಗೆಮನೆಗೆ ಬರಕೂಡದು ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರಿಂದ ಎಲ್ಲವೂ ನಡುಮನೆಯ ಹಲಗೆಗಳ ಮೇಲೆ ಕೂತವು.

ಇವರಿಗೆ ಪ್ರಾಣವಾಗಿದ್ದದ್ದು ಬೂದಿಬಣ್ಣದ ಒಂದು ಬಟ್ಟಲು. ಬೆಂಗಳೂರಿನಲ್ಲಿ ಯಾರೋ ಕಲಾವಿದರು ಹಿತ್ತಲಲ್ಲೇ ಆವಿಗೆ ಕಟ್ಟಿಕೊಂಡು, ಒಂದೊಂದನ್ನೂ ಕೈಯಲ್ಲೇ ತಿದ್ದಿ ಸುಡುತ್ತಿದ್ದರಂತೆ.

"ಬಾಯಿ ಸೊಟ್ಟ ಇದೆಯಲ್ರೀ" ಎಂದೆ.

"ಸೊಟ್ಟ ಇರೋದೇ ಚೆಂದ ಕಣೆ. ಕೈ ಹೇಗೆ ಓಡಿದೆ ನೋಡು."

ನಾನು ರೊಟ್ಟಿ ಸೊಟ್ಟ ತಟ್ಟಿದಾಗ ಈ ಚೆಂದ ಇವರಿಗೆ ಎಂದೂ ಕಂಡಿರಲಿಲ್ಲ.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಪಕ್ಕದ ಮನೆಯವರು ಕೈಮಗ್ಗ ತೆಗೆದು ಕರೆಂಟಿನ ಮಗ್ಗ ಹಾಕಿದರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಮಗ್ಗ ಓಡಿದಷ್ಟು ಹೊತ್ತೂ ಹೂದಾನಿಗಳು ಕಟಕಟ ಎನ್ನುತ್ತಾ ಹಲಗೆಯ ಅಂಚಿಗೆ ಜರುಗುತ್ತಿದ್ದವು. ಅಡುಗೆ ಬಿಟ್ಟು ಬಂದು ಅವನ್ನು ಹಿಂದಕ್ಕೆ ತಳ್ಳುವುದು ನನ್ನ ಕೆಲಸವಾಯಿತು. ಒಂದು ಹೂದಾನಿ ಬಿದ್ದು ಚೂರಾದ ದಿನ ಇವರು ಪಕ್ಕದ ಮನೆಗೆ ಹೋಗಿ, "ಸ್ವಲ್ಪ ಮೆಲ್ಲಗೆ ಓಡಿಸೋಕಾಗುತ್ತಾ?" ಎಂದು ಕೇಳಿದರು.

"ಇದೇನು ಎತ್ತಿನ ಗಾಡೀನಾ ಸ್ವಾಮಿ, ಮೆಲ್ಲಗೆ ಹೊಡಿಯೋಕೆ?" ಎಂದರು ಅವರು.

ಮರುದಿನ ಎಲ್ಲ ಪಿಂಗಾಣಿಯೂ ನೆಲಕ್ಕಿಳಿಯಿತು. ಕಸ ಗುಡಿಸಲು ಜಾಗವಿಲ್ಲ, ಚಾಪೆ ಹಾಸಲು ಜಾಗವಿಲ್ಲ. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಮಗನನ್ನು ಬಿಟ್ಟು ನನ್ನನ್ನು ಬೈಯುತ್ತಾ ಓಡಾಡುತ್ತಿದ್ದರು.

ಹೀಗಿರುವಾಗಲೇ ನನ್ನ ನಾದಿನಿಯನ್ನು ನೋಡಲು ದೇವನಹಳ್ಳಿ ಕಡೆಯಿಂದ ಗಂಡಿನವರು ಬಂದರು. ಪಿಂಗಾಣಿಯನ್ನು ಗೋಡೆಯ ಪಕ್ಕಕ್ಕೆ ಒತ್ತರಿಸಿ ಜಮಖಾನ ಹಾಸಿದ್ದೆ. ಹುಡುಗನ ಸೋದರಮಾವ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದವರು, ಮಾತಿನ ನಡುವೆ ಕೈ ಚಾಚಿ ಆ ಬೂದಿಬಣ್ಣದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಅದರೊಳಗೆ ಉಗಿದರು.

ಇವರು ಅರ್ಧ ಎದ್ದರು. ಬಾಯಿ ತೆರೆಯಹೋದಾಗ ಅತ್ತೆ ಕಣ್ಣಲ್ಲೇ ಗದರಿದರು. ಸೋದರಮಾವ ನೆಮ್ಮದಿಯಾಗಿ ಇನ್ನೊಮ್ಮೆ ಉಗಿದು, "ಪೀಕದಾನಿ ಗಟ್ಟಿಮುಟ್ಟಾಗಿದೆ, ಎಲ್ಲಿ ತಗೊಂಡ್ರಿ?" ಎಂದರು.

ಆಗ ಹುಡುಗ ಎದ್ದ. "ಮಾವ, ಅದನ್ನ ಇಲ್ಲಿ ಕೊಡಿ" ಎಂದು ಬಟ್ಟಲನ್ನು ತೆಗೆದುಕೊಂಡು ನೇರ ಹಿತ್ತಲಿಗೆ ನಡೆದ. ನೋಡಲು ಬಂದ ಗಂಡಿನ ಕೈಯಲ್ಲಿ ಎಂಜಲು ತೊಳೆಸುವುದೇ ಎಂದು ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವನು ನೀರು ಹಾಕಿ ತೊಳೆದು, ಬಟ್ಟಲನ್ನು ಬೋರಲು ಮಾಡಿ ತಳ ನೋಡುತ್ತಿದ್ದ.

"ಇದು ಅಚ್ಚಿಗೆ ಹಾಕಿದ್ದಲ್ಲ, ಅಲ್ವಾ? ಚಕ್ರದಿಂದ ದಾರದಲ್ಲಿ ಕೊಯ್ದು ತೆಗೆದಿರೋ ಗುರುತು ಇದೆ."

ನನ್ನ ಹಿಂದೆ ಬಂದಿದ್ದ ಇವರು ಒಳಗೆ ಹೋಗಿ ಮೀನಿನ ತಟ್ಟೆಯನ್ನೂ ತಂದರು. ಆಮೇಲೆ ಇನ್ನೊಂದು, ಮತ್ತೊಂದು. ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತೇಬಿಟ್ಟರು. ಒಳಗೆ ಉಪ್ಪಿಟ್ಟು ಆರಿತು. "ಹೆಣ್ಣು ನೋಡೋಕೆ ಬಂದ್ವೋ ಬೋಗುಣಿ ನೋಡೋಕೆ ಬಂದ್ವೋ" ಎಂದು ಸೋದರಮಾವ ಗೊಣಗಿದರು. ನನಗೂ ತಲೆ ಚಿಟ್ಟುಹಿಡಿದಿತ್ತು.

ಕಾಫಿ ತಟ್ಟೆ ಹಿಡಿದು ಕಾದು ನಿಂತಿದ್ದ ನಾದಿನಿಯೇ ಕೊನೆಗೆ ಹಿತ್ತಲಿಗೆ ಹೋದಳು. "ಕಾಫಿ ಆರ್ತಾ ಇದೆ. ಕುಡಿದು ಆಮೇಲೆ ನೋಡ್ಕೊಳ್ಳಿ." ಹುಡುಗ ತಲೆ ಎತ್ತಿದ. ಅವಳನ್ನು ಅವನು ಸರಿಯಾಗಿ ನೋಡಿದ್ದು ಆಗಲೇ.

ಅವರು ಹೊರಟಮೇಲೆ ಅಡುಗೆಮನೆಯಲ್ಲಿ ಅವಳು ಕೇಳಿದಳು, "ಅಣ್ಣನ ಥರಾನೇ ಇನ್ನೊಬ್ರು. ಏನ್ ಹೇಳ್ತೀರ ಅತ್ತಿಗೆ?"

"ಒಳ್ಳೆಯವನ ಥರ ಕಾಣ್ತಾನೆ. ಆದ್ರೆ ಮನೇಲಿ ಕಾಲಿಡೋಕೆ ಜಾಗ ಇರಲ್ಲ" ಎಂದೆ. ಅವಳು ನಕ್ಕು ಮದುವೆಗೆ ಒಪ್ಪಿಕೊಂಡಳು.

ಮದುವೆಯಾದ ಮೇಲೆ ಭಾವ ಮೈದುನ ಇಬ್ಬರೂ ಜೊತೆಯಲ್ಲೇ ಹರಾಜಿಗೆ ಹೋಗತೊಡಗಿದರು. ಮೊದಲ ದೀಪಾವಳಿಗೆ ತವರಿಗೆ ಬಂದ ನಾದಿನಿಗೆ, ಪಿಂಗಾಣಿಯನ್ನು ನಡುಮನೆಯಲ್ಲಿ ಮಾತ್ರ ಇಡಲು ಬಿಡಬೇಡ, ಈಗಲೇ ಹೇಳಿಬಿಡು ಎಂದೆ.

"ಹೇಳಿದೆ ಅತ್ತಿಗೆ" ಎಂದಳು. "ಮಂಚದ ಕೆಳಗೆ ಇಟ್ಟಿದ್ದಾರೆ."