ಕಾಲು ನೋಡುವ ಈರಣ್ಣ ಸರ್

ಈರಣ್ಣ ಸರ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಯಾವಾಗಲೂ ಮೊಣಕಾಲಿನಿಂದ ಕೆಳಗೇ. ಮಗ ವಿನಯ್ ರಾಯಚೂರಿನ ಕಾಲೇಜಿನಲ್ಲಿ ಫುಟ್‌ಬಾಲ್ ತಂಡ ಸೇರಿದ ಹೊಸದರಲ್ಲಿ, ಊಟದ ಡಬ್ಬಿ ಕೊಡಲು ಮೈದಾನಕ್ಕೆ ಹೋಗಿದ್ದೆ. ತಂಡದ ಕೋಚ್ ಅವರು. ನಾನು ಬಾಯಿ ತೆರೆಯುವ ಮೊದಲೇ, "ವಿನ್ಯಾನ ತಾಯೇರೇನ್ರಿ? ಬರ್ರಿ. ಅವ್ನೂ ಹಿಂಗ ಎಡಗಾಲು ಹೊರಗ ಹಾಕ್ತಾನ," ಎಂದರು. ಸೆರಗು ಸರಿಪಡಿಸಿಕೊಳ್ಳುವುದು ಬಿಟ್ಟು ನಾನು ಚಪ್ಪಲಿ ನೋಡಿಕೊಂಡೆ.

ಗಬ್ಬೂರಿನ ಕುರಿ ಸಾಕುವ ಮನೆತನ ಅವರದು. "ಕುರಿಗೋಳ ಮುಖ ಎಲ್ಲಾ ಒಂದ ನಮೂನಿ ಇರ್ತಾವ್ರೀ. ನಡಿಗಿ ನೋಡಿ ಹಿಡೀಬೇಕು. ಈ ಹುಡುಗ್ರೂ ಅಷ್ಟ," ಎನ್ನುತ್ತಿದ್ದರು. ಯಾರಿಗೆ ಜ್ವರ ಬರಲಿದೆ, ಯಾರು ಸಿನಿಮಾಕ್ಕೆ ಹೋಗಿ ನಿದ್ದೆಗೆಟ್ಟಿದ್ದಾರೆ, ಎಲ್ಲವೂ ಕಾಲಿನಲ್ಲೇ ತಿಳಿಯುತ್ತಿತ್ತು. ಅವರ ಅಂಗಿಯಲ್ಲಿ ಗುಂಡಿ ಹೋದಲ್ಲಿ ಒಂದು ಸೇಫ್ಟಿ ಪಿನ್. ಅದು ಮಾತ್ರ ಸದಾ ಹೊಳೆಯುತ್ತಿತ್ತು.

ಈ ವರ್ಷ ತಂಡ ದೇವದುರ್ಗದಲ್ಲಿ ಗೆದ್ದು ಮಾನ್ವಿಯ ಸೆಮಿಫೈನಲ್‌ಗೆ ಬಂದಿತ್ತು. ಗೋಲು ಹೊಡೆಯುವವನು ಮಸರಕಲ್ಲಿನ ನಾಗರಾಜ. ಎದುರಾಳಿಯೊಬ್ಬ ಅವನ ಬೆನ್ನು ಬಿಡುತ್ತಿರಲಿಲ್ಲವಂತೆ. ವಿರಾಮದಲ್ಲಿ ನಾಗರಾಜನೂ ವಿನಯನೂ ಗುಟ್ಟಾಗಿ ಅಂಗಿ ಬದಲಿಸಿಕೊಂಡರು, ಎದುರಾಳಿ ನಂಬರ್ ನೋಡಿ ಮೋಸಹೋಗಲಿ ಎಂದು.

ಸ್ವಲ್ಪ ಹೊತ್ತಿಗೆ ನಾಗರಾಜ ಎಡಗಾಲು ಎಳೆಯತೊಡಗಿದ. "ಲೇ ನಾಗ್ಯಾ, ಹೊರಗ ಬಾ," ಎಂದು ಎದ್ದ ಸರ್, ಬೆನ್ನ ಮೇಲೆ ವಿನಯನ ನಂಬರ್ ಕಂಡು ತಡೆದರಂತೆ. ಕನ್ನಡಕ ಒರೆಸಿಕೊಂಡು, "ಅಂವಾ ವಿನ್ಯಾ ಅಲ್ಲಾ? ಅಂವಾ ನಡಿಯೋದ ಹಂಗ," ಎನ್ನುತ್ತ ಕುಳಿತರಂತೆ. ನಾಗರಾಜ ಬಿದ್ದ. ಅವನ ಮೊಣಕಾಲು ಇನ್ನು ಆಟಕ್ಕೆ ಬರುವುದಿಲ್ಲ. ಸರ್ ಓಡಿ ಬರುವಷ್ಟರಲ್ಲಿ ನನ್ನ ಮಗ ಅವನ ಅಂಗಿ ಕಳಚಿ, ನಂಬರ್ ಒಳಗೆ ಬರುವಂತೆ ಮಡಚಿ, ತಲೆಯ ಕೆಳಗಿಟ್ಟಿದ್ದ. ಅದಲುಬದಲು ಗೊತ್ತಾಗದಿರಲೆಂದು ತನ್ನದನ್ನೂ ಬಿಚ್ಚಿದ್ದ.

"ನಂಬರ್ ಸೈತ ಕಾಣವಲ್ದು ನನಗ. ಇನ್ನ ಹುಡುಗ್ರ ಕಾಲು ನನ್ನ ಕೈಯಾಗ ಕೊಡಬ್ಯಾಡ್ರಿ," ಎಂದು ಪ್ರಿನ್ಸಿಪಾಲರಿಗೆ ಹೇಳಿ ಸರ್ ಕೆಲಸ ಬಿಟ್ಟು ಊರಿಗೆ ಹೋದರು. ಆಮೇಲೆ ವಿನಯ್ ನನ್ನೆದುರು ಬಾಯಿ ಬಿಟ್ಟ. ಮಗನ ಕಾಲು ನೋಡಲೂ ನನಗೆ ನಾಚಿಕೆಯಾಯಿತು.

ತಪ್ಪೊಪ್ಪಿಕೊಂಡರೆ ಮನಸ್ಸು ತೊಳೆದಂತಾಗುತ್ತದೆಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಸರ್ ಮರಳಿ ಬಂದಾರೆಂಬ ಆಸೆಯಿಂದ ಅವನನ್ನು ಗಬ್ಬೂರಿಗೆ ಕರೆದೊಯ್ದೆ. ವಿನಯ್ ನಿಂತೇ ಎಲ್ಲ ಹೇಳಿದ. ಸರ್ ಬೈಯಲಿಲ್ಲ.

"ಹಂಗಾದ್ರ ನನಗ ಕಂಡಿತ್ತು," ಎಂದರು ಮೆಲ್ಲಗೆ. "ಇಷ್ಟು ದಿನಾ ಕಣ್ಣಿಗಿ ಬೈಕೋತ ಕುಂತಿದ್ದೆ ಯವ್ವಾ. ಕಂಡೂ ನಾ ನಂಬರ್ ನಂಬಿದೆ."

ಹಗುರ ಮಾಡಲು ಹೋದವರು ನಾವು, ಭಾರ ಹೊರಿಸಿದ್ದೆವು. ಅವರ ಹೆಂಡತಿ ಚಹಾ ತಂದಿಟ್ಟರು.

"ನಾಗ್ಯಾನ ಮನಿಗಿ ಹೋಗಿದ್ಯೇನಲೇ?" ಎಂದು ಸರ್ ಕೇಳಿದರು.

ವಿನಯ್ ತಲೆಯಾಡಿಸಿದ. ಹೋಗಿರಲಿಲ್ಲ. ನನಗೂ ಅದು ಹೊಳೆದಿರಲಿಲ್ಲ.

"ಏಳ್ರಿ. ಮಸರಕಲ್ಲಿಗಿ ಬಸ್ಸು ಅದ. ನಾನೂ ಬರ್ತೀನಿ."

ಮಸರಕಲ್ಲಿನಲ್ಲಿ ಬಸ್ಸಿಳಿದೆವು. ನಾಗರಾಜನ ತಾಯಿ ಬಾಗಿಲು ತೆರೆದಾಗ, ನಾನು ಮಾತು ಹುಡುಕುತ್ತಿದ್ದೆ. ಸರ್ ಚಪ್ಪಲಿ ಬಿಟ್ಟು ಮುಂದೆ ಹೋಗಿ ಕೈ ಮುಗಿದರು.

"ತಪ್ಪು ನಂದವ್ವಾ," ಎಂದರು. ನಾವಿಬ್ಬರೂ ಅವರ ಬೆನ್ನ ಹಿಂದೆ ನಿಂತಿದ್ದೆವು.