ವೈನ್ ಶಾಪಿನ ಹೊಸ್ತಿಲಲ್ಲಿ ಒಡಪು

ನಮ್ಮ ಕಡೆ ಹೆಂಗಸು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವಳ ಮುಖ ನೋಡುತ್ತಾಳೆ, ಪಕ್ಕದವಳು ಹೇಳುತ್ತಾಳೆ. ಹೇಳಲೇಬೇಕಾದರೆ ಒಡಪು ಕಟ್ಟಬೇಕು. ಪ್ರಾಸ ಕೂಡಿದ ಎರಡು ಸಾಲು, ಅದರೊಳಗೆ ಎಲ್ಲೋ ಅವನ ಹೆಸರು. ಮದುವೆಮನೆಯಲ್ಲಿ ಹೊಸ ಜೋಡಿ ಹೊಸ್ತಿಲು ದಾಟುವ ಮುಂಚೆ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ಹೆಂಡತಿಯ ಹೆಸರು ಹೇಳುವ ಮದುಮಗನಿಗೂ ಇದೇ ಕಾನೂನು. ನಾನು ನೋಡಿದ ಮಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಯಾರೂ ಮುರಿಯದ ಕಾನೂನು ಇದೊಂದೇ.

ನನ್ನ ಅಕ್ಕ ಇದರಲ್ಲಿ ಎತ್ತಿದ ಕೈ. ನಮ್ಮ ತವರು ಸಿರುಗುಪ್ಪದ ಹತ್ತಿರದ ದೇಶನೂರು. ನಾಟಿ ಮಾಡುವಾಗ ಅಕ್ಕ ಪದ ಎತ್ತಿದರೆ ಪಕ್ಕದ ಗದ್ದೆಯವರ ಕೈಯೂ ಅದೇ ಲಯಕ್ಕೆ ಓಡುತ್ತಿತ್ತು. ಅವರ ಕೆಲಸ ಬೇಗ ಮುಗಿಯುತ್ತಿತ್ತು, ನಮಗೆ ಅದರಿಂದ ಏನೂ ಲಾಭವಿರಲಿಲ್ಲ. ಮದುವೆಗಳಲ್ಲಿ ಸೋಬಾನೆ ಅವಳದೇ. ತಡವರಿಸುವ ಮದುಮಗಳ ಕಿವಿಯಲ್ಲಿ ನಿಂತ ಕಾಲಲ್ಲೇ ಒಡಪು ಕಟ್ಟಿ ಊದುತ್ತಿದ್ದಳು. ನನ್ನ ಕಿವಿಯಲ್ಲೂ ಊದಿದಳು. ಅದರಲ್ಲಿ ನನ್ನ ಗಂಡನ ಮೂಗಿನ ಬಗ್ಗೆ ಒಂದು ಮಾತು ಸೇರಿದ್ದು ನನಗೆ ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು.

ಅಕ್ಕನನ್ನು ಕುರುಗೋಡಿಗೆ ಕೊಟ್ಟರು. ಭಾವ ಕೆಟ್ಟವನಲ್ಲ. ಕುಡಿಯುತ್ತಿದ್ದ, ಅಷ್ಟೆ. ಹಬ್ಬ ಬಂದಾಗಲೆಲ್ಲ ಇನ್ನು ಬಿಟ್ಟೆ ಅಂತ ಆಣೆ ಮಾಡುತ್ತಿದ್ದ. ನಮ್ಮಲ್ಲಿ ಹಬ್ಬಗಳಿಗೆ ಕೊರತೆಯಿಲ್ಲ. ಕೊನೆಗೆ ಲಿವರ್ ಕೆಟ್ಟು ಬಳ್ಳಾರಿಯ ಆಸ್ಪತ್ರೆ ಸೇರಿದ. ನಾನು ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವವಳಾದ್ದರಿಂದ ಗಂಜಿ ಒಯ್ಯುವ ಕೆಲಸ ನನ್ನದಾಯಿತು. ತೀರಿಹೋಗುವ ಹಿಂದಿನ ದಿನ ಅವನು ನನ್ನನ್ನು ಮುಂದಿನ ಹಬ್ಬ ಯಾವುದು ಅಂತ ಕೇಳಿದ. ನಾನು ಹೇಳಿದೆ.

ಆಮೇಲೆ ಅಕ್ಕನಿಗೆ ಯಾರೂ ಹಾಡು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ, ನಮ್ಮವರು ಅಷ್ಟು ಒರಟರಲ್ಲ. ಸೋಬಾನೆ ಮುತ್ತೈದೆಯರು ಹಾಡುವುದು, ಒಡಪು ಗಂಡ ಇದ್ದವರು ಹೇಳುವುದು. ಎಲ್ಲರಿಗೂ ಗೊತ್ತಿದ್ದದ್ದನ್ನು ಮತ್ತೆ ಬಾಯಿಬಿಟ್ಟು ಯಾಕೆ ಹೇಳಬೇಕು? ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಕ್ಕ ಅಡುಗೆಯವರ ಜೊತೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಚಪ್ಪರದಲ್ಲಿ ಹಾಡುತ್ತಿದ್ದವರು ಒಂದು ಸಾಲನ್ನು ನುಂಗಿ ಮುಂದೆ ಹೋದರು. ಅಕ್ಕನ ಕೈ ನಿಂತಿತು, ತುಟಿ ಅಲುಗಿತು, ಮತ್ತೆ ಸುಲಿಯತೊಡಗಿದಳು. ನನಗೆ ಕೆಟ್ಟ ಕೋಪ ಬಂತು. ಯಾರ ಮೇಲೆ ಅಂತ ತಿಳಿಯದೆ ಬೆಳ್ಳುಳ್ಳಿ ಬುಟ್ಟಿಯನ್ನು ಒದ್ದೆ. ಆಮೇಲೆ ಇಬ್ಬರೂ ಕೂತು ಆರಿಸಿದೆವು.

ಬರಬರುತ್ತ ಅವಳು ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು. ಫೋನ್ ಮಾಡಿದರೆ "ಹೂಂ, ಅದೀನಿ" ಅನ್ನುತ್ತಿದ್ದಳು, ಅದರಾಚೆ ಮಾತಿಲ್ಲ. ಭಾವ ಹೋದದ್ದಕ್ಕಿಂತ ನನಗೆ ಇದರ ಭಯವೇ ಹೆಚ್ಚಿತ್ತು. ಅಕ್ಕ ಬದುಕಿರುವಾಗಲೇ ಮುಗಿದುಹೋಗುತ್ತಾಳೆ ಅನ್ನಿಸುತ್ತಿತ್ತು.

ಹೀಗಿರುವಾಗ ಅವಳ ಓಣಿಯಲ್ಲಿ, ಅಂಗನವಾಡಿಗೆ ಅಂಟಿಕೊಂಡಂತೆ, ಹೊಸದೊಂದು ವೈನ್ ಶಾಪ್ ಶುರುವಾಯಿತು. ಓಣಿಯ ಹೆಂಗಸರ ಸಂಘ ಅರ್ಜಿ ಕೊಟ್ಟಿತು. ಅರ್ಜಿ ತೆಗೆದುಕೊಂಡವರು ಕೂರಿಸಿ, ನೀರು ಕೊಟ್ಟು ಕಳಿಸಿದರು. ಹೆಂಗಸರು ಧಿಕ್ಕಾರ ಕೂಗಿದರು. ಮಧ್ಯಾಹ್ನದೊಳಗೆ ಗಂಟಲು ಕೂತಿತು. ಆಗ ಸಂಘದ ಹಿರಿಯಳು, ಓಣಿಗೆಲ್ಲ ದೊಡ್ಡವ್ವ, ಒಂದು ತೀರ್ಮಾನ ಕೊಟ್ಟಳು: "ನಮಗ ಕೂಗಾಕ ಬರಂಗಿಲ್ಲ. ಹಾಡಾಕ ಬರ್ತೈತಿ, ಬಾಗಲಕ್ಕ ಅಡ್ಡ ನಿಂದ್ರಾಕ ಬರ್ತೈತಿ. ಬಂದಿದ್ದು ಮಾಡೂಣು."

ಆಮೇಲೆ ಅವಳು ಅಕ್ಕನ ಮನೆಗೆ ಬಂದಳು.

"ಸೋಬಾನಿ ನಾ ಹಾಡಬಾರದು, ದೊಡ್ಡವ್ವಾ," ಅಂದಳು ಅಕ್ಕ.

"ಅದೇನು ಮದುವಿಮನಿ ಏನಲೇ? ಬ್ರಾಂದಿ ಅಂಗಡಿ. ಅಲ್ಲಿ ಎಂಥಾ ಶುಭ, ಎಂಥಾ ಅಶುಭ!"

"ಬರ್ತೀನಿ, ಹಿಂದ ನಿಂದರ್ತೀನಿ. ಬಾಯಿ ಬಿಡಂಗಿಲ್ಲ," ಅಂದಳು ಅಕ್ಕ. ನನಗೆ ಫೋನಿನಲ್ಲಿ ಇದನ್ನು ಅವಳೇ ಹೇಳಿದ್ದು. ಬಹಳ ದಿನದ ಮೇಲೆ ಅವಳ ಬಾಯಿಂದ ಅಷ್ಟು ಉದ್ದದ ಸುದ್ದಿ ಬಂದಿತ್ತು. ನಾನು ರಜೆ ಹಾಕಿ ಕುರುಗೋಡಿನ ಬಸ್ಸು ಹತ್ತಿದೆ.

ಸಂಜೆ ಅಂಗಡಿಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದೆವು. ನನ್ನ ಪಾಲಿಗೆ ಕಮಲ ಬಂತು. ನಾನು ಹಾಕಿದ ಕಮಲ ಎಲೆಕೋಸಿನ ಹಾಗೆ ಬಂತು. ಆದರೂ ಕುಡಿಯಲು ಬಂದವರಲ್ಲಿ ಒಬ್ಬನೂ ಅದನ್ನು ತುಳಿಯಲಿಲ್ಲ, ಸುತ್ತು ಹಾಕಿಕೊಂಡು ಬಂದರು. ಎಲ್ಲ ಒಳ್ಳೆಯ ಮನೆತನದವರು.

ಹಾಗೆ ಬಂದವರನ್ನು ಹೆಂಗಸರು ಬಾಗಿಲಲ್ಲಿ ತಡೆದರು. "ಹೇಣ್ತಿ ಹೆಸರಿಟ್ಟು ಒಡಪು ಹೇಳ್ರಿ, ಒಳಗ ಹೋಗ್ರಿ." ಮೊದಲನೆಯವನು ಜಗಳ ಆಡಬಹುದಿತ್ತು, ಆಡಲಿಲ್ಲ. ಕಣ್ಣು ಮುಚ್ಚಿ ನಿಜವಾಗಿಯೂ ಯೋಚಿಸಿದ. ಪ್ರಾಸ ಸಿಗಲಿಲ್ಲ, ಹೋದ. ಲಾರಿ ಡ್ರೈವರ್ ಒಬ್ಬ ತನಗೆ ತೆಲುಗು ಬಿಟ್ಟರೆ ಬೇರೆ ಬರುವುದಿಲ್ಲ ಅಂದ. "ತೆಲುಗುಲೋನೇ ಚೆಪ್ಪು ನಾಯನಾ, ವಿಂಟಾಮು," ತೆಲುಗಿನಲ್ಲೇ ಹೇಳು, ಕೇಳುತ್ತೇವೆ ಅಂತ ದೊಡ್ಡವ್ವ ಅವನ ಭಾಷೆಯಲ್ಲೇ ಅಂದಳು. ಅವನೂ ಬಂದ ದಾರಿ ಹಿಡಿದ. ಒಬ್ಬ ಮಾತ್ರ ಚೆಂದದ ಒಡಪು ಹೇಳಿದ. ನಿಯಮ ಅಂದರೆ ನಿಯಮ, ಒಳಗೆ ಬಿಟ್ಟೆವು. ಅವನು ಕೌಂಟರಿನ ತನಕ ಹೋಗಿ ಬರಿಗೈಲಿ ವಾಪಸು ಬಂದ. "ಈಗ ತಾನ ಅಕಿ ಹೆಸರು ಹೇಳೀನಿ, ಹೆಂಗ ಕುಡೀಲಿ?" ಅಂದ.

ಆ ಅಂಗಡಿ ಕೆಲವು ತಿಂಗಳ ಮೇಲೆ ಊರ ಹೊರಗೆ ಹೋಯಿತು. ಕುಡಿಯುವವರು ಅಲ್ಲಿಗೂ ಹೋಗುತ್ತಾರೆ. ಗೆದ್ದೆವು ಅಂತ ನಾನು ಯಾರಿಗೂ ಹೇಳಿಲ್ಲ. ನನಗೆ ನೆನಪಿರುವುದು ಆ ಸಂಜೆ ಕೊನೆಗೆ ಬಂದ ಗಿರಾಕಿ. ಬೇರೆ ಊರಿನವನು, ಆಗಲೇ ಸ್ವಲ್ಪ ಏರಿಸಿಕೊಂಡಿದ್ದ. ಹೆಂಗಸರು ಒಡಪು ಕೇಳಿದ್ದಕ್ಕೆ ಅವನು ಹಿಂದೆ ನಿಂತಿದ್ದ ಅಕ್ಕನ ಕಡೆ ಕೈ ತೋರಿಸಿದ.

"ನಮ್ಮನ್ನ ಅಷ್ಟೇ ಕೇಳ್ತೀರಿ. ಆ ಯಕ್ಕ ಸುಮ್ಮನ ನಿಂತಾಳ, ಅಕಿ ಹೇಳ್ಲಿ ಮೊದಲು."

ಪಾಪ, ಅವನಿಗೆ ಗೊತ್ತಿಲ್ಲ. ಹೆಂಗಸರೆಲ್ಲ ನೆಲ ನೋಡಿದರು. ನಾನು ಅವನಿಗೆ ಬಾರಿಸಲು ಮುಂದೆ ಹೋದೆ. ಅಷ್ಟರಲ್ಲಿ ಅಕ್ಕ ಸೆರಗು ಸರಿಮಾಡಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ಬಾಗಿಲ ಮುಂದೆ ಬಂದು ನಿಂತಳು.

"ಒಲಿ ಮ್ಯಾಲಿಟ್ಟ ಸಾರು ಆರಿ ಹೋತು, ಇಂಥಾ ಬಾಗಲದಾಗ ನನ್ನ ರಾಯರ ಜೀವ ಜಾರಿ ಹೋತು."

ಅವಳು ಹೇಳುವಾಗ "ರಾಯರ" ಅನ್ನುವುದಕ್ಕೆ ಮುಂಚೆ ಭಾವನ ಹೆಸರೂ ಇತ್ತು. ನಾನು ಅವನನ್ನು ಹೆಸರು ಹಿಡಿದು ಕರೆದವಳಲ್ಲ, ಇಲ್ಲೂ ಬರೆಯುವುದಿಲ್ಲ. ಬಂದವನು ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದ. ಮದುವೆಮನೆಯಲ್ಲಾದರೆ ಹೊಸ ಮದುಮಗಳ ಒಡಪು ಎಷ್ಟೇ ಚೆನ್ನಾಗಿ ಕೇಳಿಸಿರಲಿ, ಕೇಳಲೇ ಇಲ್ಲ ಅಂತ ಕಾಡಿ ಮತ್ತೊಮ್ಮೆ ಹೇಳಿಸುವುದು ಪದ್ಧತಿ.

"ಕೇಳಲಿಲ್ಲ ಬಿಡವಾ," ಅಂದಳು ದೊಡ್ಡವ್ವ. "ನಾಚ್ಕೋಬ್ಯಾಡ, ಜೋರ್ ಹೇಳು."

ಅಕ್ಕನಿಗೆ ನಗು ಬಂತು. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ. ಅವಳು ಜೋರಾಗಿ ಹೇಳಿದಳು, ಅಂಗಡಿಯವನು ಹೊರಗೆ ಬಂದು ಇಣುಕುವಷ್ಟು ಜೋರಾಗಿ. ಇನ್ನೊಮ್ಮೆ ಹೇಳು ಅಂತ ಯಾರೂ ಅನ್ನಲಿಲ್ಲ. ಅವಳೇ ಹೇಳಿದಳು.