ಕಿವಿಯುಳ್ಳ ಮೀಟರು

ತಾರ್ನಾಕ ಬಡಾವಣೆಯ ಮನೆಯೊಂದಕ್ಕೆ ಫ್ರಿಜ್ ರಿಪೇರಿಗೆ ಹೋಗಿದ್ದೆ. ಮನೆಯೊಡತಿ, ಕಲಬುರ್ಗಿ ಕಡೆಯ ಕಾಕು, ಕರೆಂಟಿನ ಹೊಸ ಸ್ಮಾರ್ಟ್ ಮೀಟರಿಗೆ ಅರಿಶಿನ-ಕುಂಕುಮ ಹಚ್ಚಿ, "ಬಿಲ್ ಭಾಳ ಬರತದೇನಪಾ?" ಎಂದು ಅಂಜುತ್ತ ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅದಕ್ಕ ಕಿವಿ ಐತ್ರೀ ಕಾಕು, ಫ್ಯಾನಿನ ಸಪ್ಪಳ ಕೇಳಿದ್ರ ಜೋರು ಓಡತೈತಿ" ಎಂದೆ.

ವಾರ ಬಿಟ್ಟು ಮತ್ತೆ ಹೋದರೆ, ಕಾಕು ಬೇಸಿಗೆಯ ಧಗೆಯಲ್ಲಿ ಫ್ಯಾನ್ ಆರಿಸಿ, ಹಾಸಿಗೆ ಹಿಡಿದ ಗಂಡನಿಗೆ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದರು. ಕಾಕಾ ಬೆವರಿನಲ್ಲಿ ತೊಯ್ದಿದ್ದರು.

"ತಪ್ಪಾತ್ರೀ, ಚಾಷ್ಟಿಗೆ ಹೇಳಿದ್ದೆ. ಅದಕ್ಕ ಕಿವಿಯಿಲ್ಲ, ಫ್ಯಾನ್ ಹಾಕ್ರಿ" ಎಂದೆ.

ಕಾಕು ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಕ ಅನ್ನೋ, ಕೇಳಿಸಿಕೊಂಡೀತು!" ಎಂದರು.

ಕೊನೆಗೆ ಅವರೆದುರೇ ಮೀಟರಿಗೆ ಬಾಯಿಗೆ ಬಂದಂತೆ ಬೈದು, ಅದು ಓಟ ಹೆಚ್ಚಿಸಲಿಲ್ಲವೆಂದು ತೋರಿಸಿದ ಮೇಲೆ ಫ್ಯಾನ್ ತಿರುಗಿತು. ಬೈಯುವಾಗ ನನ್ನ ದನಿಯೂ ತುಸು ಸಣ್ಣದಾಗಿತ್ತು, ಅದು ಬೇರೆ ಮಾತು.